ವಾಲ್ವನ್ನು ನಂಬದ ವಾಲ್ವ್ ಎಂಜಿನಿಯರ್: ಆಲನ್ ಬ್ಲುಮ್ಲೈನ್

ಹಳೇ ವಾಲ್ವ್ ಆಂಪ್ಲಿಫೈಯರ್ ಇಟ್ಟುಕೊಂಡಿರುವ ಇಬ್ಬರನ್ನು ಒಂದು ಕಡೆ ಕೂರಿಸಿ ನೋಡಿ. ಐದೇ ನಿಮಿಷದಲ್ಲಿ ಮಾತು ಒಂದೇ ವಿಷಯಕ್ಕೆ ಬಂದು ನಿಲ್ಲುತ್ತೆ: ಹೋದ ವಾಲ್ವಿನ ಜಾಗಕ್ಕೆ ಯಾವುದನ್ನು ಹಾಕೋದು? ಒಬ್ಬರು ಹಳೇ ಮುಲ್ಲಾರ್ಡ್ ಬಿಟ್ಟರೆ ಬೇರೇನೂ ಬೇಡ ಅಂತಾರೆ, ಇನ್ನೊಬ್ಬರು ಟೆಲಿಫುಂಕನ್ ಅಂತಾರೆ. ಸ್ಲೊವಾಕಿಯಾದ ಹೊಸ ವಾಲ್ವೇ ಸಾಕು, ರಷ್ಯಾದ್ದು ಗಟ್ಟಿ, ಚೀನಾದ್ದು ಅಗ್ಗ ಅಂತ ವಾದ ಬೆಳೀತಾ ಹೋಗುತ್ತೆ. ನಮ್ಮ ಜಾಲಹಳ್ಳಿಯ ಬಿಇಎಲ್‌ನಲ್ಲೂ ಒಂದು ಕಾಲಕ್ಕೆ ರೇಡಿಯೋ ವಾಲ್ವ್ ತಯಾರಾಗುತ್ತಿತ್ತು. ಅದರ ಹೆಸರಿದ್ದ ಇಸಿಸಿ83 ಸಿಕ್ಕರೆ ಬಿಡಬೇಡಿ ಅನ್ನುವವರೂ ಇದ್ದಾರೆ. ಈ ವಾದಕ್ಕೆ ಕೊನೆ ಅನ್ನೋದಿಲ್ಲ.

ಆದರೆ ಇಷ್ಟೆಲ್ಲ ವಾದ ನಡೆಯುವ ಆ ಪೆಟ್ಟಿಗೆಯ ಒಳಗಿನ ಸರ್ಕ್ಯೂಟಿನಲ್ಲಿ ಅರ್ಧಕ್ಕರ್ಧ ಯಾರ ತಲೆಯಿಂದ ಬಂದದ್ದು ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತಿರಲ್ಲ. ಮೂರನೇ ಸೆಮಿಸ್ಟರಿನಲ್ಲಿ ನಾವೆಲ್ಲ ಡಿಫರೆನ್ಷಿಯಲ್ ಆಂಪ್ಲಿಫೈಯರ್ ಬರೆದು, ಡಿರೈವ್ ಮಾಡಿ, ಲ್ಯಾಬಿನಲ್ಲಿ ಬ್ರೆಡ್‌ಬೋರ್ಡಿಗೆ ಚುಚ್ಚಿ ಬಂದವರೇ. ಅದರ ಮುತ್ತಾತನ ಹೆಸರನ್ನು ಪಠ್ಯಪುಸ್ತಕ ಹೇಳಲಿಲ್ಲ. ಈ ಸಲದ ವ್ಯಕ್ತಿ ಪರಿಚಯಕ್ಕೆ ನಾವು ಆರಿಸಿಕೊಂಡದ್ದು ಅವರನ್ನೇ. ಆಲನ್ ಡೋವರ್ ಬ್ಲುಮ್ಲೈನ್. ಬದುಕಿದ್ದು 38 ವರ್ಷ, ಪೇಟೆಂಟ್ 128.

ಹುಟ್ಟಿದ್ದು 1903ರ ಜೂನ್ 29ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ಅಪ್ಪ ಜರ್ಮನಿಯಲ್ಲಿ ಹುಟ್ಟಿ ಬ್ರಿಟಿಷ್ ಪ್ರಜೆಯಾದ ಗಣಿ ಎಂಜಿನಿಯರ್. ಅಮ್ಮ ದಕ್ಷಿಣ ಆಫ್ರಿಕಾಕ್ಕೆ ಹೋಗಿ ನೆಲೆಸಿದ್ದ ಸ್ಕಾಟಿಷ್ ಮಿಷನರಿಯ ಮಗಳು. ಏಳು ವರ್ಷದವನಿದ್ದಾಗ ಈ ಹುಡುಗ ಮನೆಯ ಕರೆಗಂಟೆ ರಿಪೇರಿ ಮಾಡಿ ಅಪ್ಪನ ಕೈಗೆ ಒಂದು ಬಿಲ್ ಕೊಟ್ಟನಂತೆ. ಬಿಲ್ಲಿನ ಕೆಳಗೆ ತನ್ನ ಹೆಸರು, ಹೆಸರಿನ ಜೊತೆ ಎಲೆಕ್ಟ್ರಿಕಲ್ ಎಂಜಿನಿಯರ್ ಅನ್ನೋ ಪದವಿ ಬೇರೆ. ಸರಾಗವಾಗಿ ಓದೋಕೆ ಮಾತ್ರ 12 ವರ್ಷ ಆಗುವವರೆಗೂ ಬರ್ತಾ ಇರಲಿಲ್ಲ ಅಂತ ಸಹೋದರಿ ಮುಂದೆ ನೆನಪಿಸಿಕೊಂಡಿದ್ದಾರೆ. ಅದಕ್ಕೆ ಇವರ ಸಮಜಾಯಿಷಿ ಏನಪ್ಪಾ ಅಂದ್ರೆ, ಓದು ಬರದಿದ್ದರೇನು, ವರ್ಗ ಸಮೀಕರಣ ಬರ್ತಿತ್ತಲ್ಲ ಅಂತ! 1914ರಲ್ಲಿ ಅಪ್ಪ ತೀರಿಕೊಂಡರು. ಮುಂದೆ ಹೈಗೇಟ್ ಶಾಲೆ, ಅಲ್ಲಿಂದ ವಿದ್ಯಾರ್ಥಿವೇತನದ ಮೇಲೆ ಇಂಪೀರಿಯಲ್ ಕಾಲೇಜಿಗೆ ಸೇರಿದ ಸಿಟಿ ಅಂಡ್ ಗಿಲ್ಡ್ಸ್ ಕಾಲೇಜು. ನೇರವಾಗಿ ಎರಡನೇ ವರ್ಷಕ್ಕೇ ಸೇರಿ, ಎರಡು ವರ್ಷದಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ ಮುಗಿಸಿದರು. ನಮ್ಮ ಲ್ಯಾಟರಲ್ ಎಂಟ್ರಿ ಗೆಳೆಯರಿಗೆ ಇದು ಇಷ್ಟ ಆಗಬಹುದು.

1924ರಲ್ಲಿ ಮೊದಲ ಕೆಲಸ. ಇಂಟರ್‌ನ್ಯಾಷನಲ್ ವೆಸ್ಟರ್ನ್ ಎಲೆಕ್ಟ್ರಿಕ್ ಅನ್ನೋ ಟೆಲಿಫೋನ್ ಕಂಪನಿ. ಮುಂದೆ ಇದೇ ಸ್ಟ್ಯಾಂಡರ್ಡ್ ಟೆಲಿಫೋನ್ಸ್ ಅಂಡ್ ಕೇಬಲ್ಸ್ ಆಯ್ತು. ಮನುಷ್ಯನ ಕಿವಿ ಯಾವ ಆವರ್ತನವನ್ನು ಎಷ್ಟು ಜೋರಾಗಿ ಕೇಳಿಸಿಕೊಳ್ಳುತ್ತೆ ಅನ್ನೋದನ್ನು ಅಳೆದು, ಆ ಅಳತೆಗೆ ತಕ್ಕ ಸರ್ಕ್ಯೂಟ್ ಮಾಡಿದರು. ದೂರದ ಟೆಲಿಫೋನ್ ಲೈನುಗಳಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸೋ ತೊಂದರೆಯನ್ನು ಕಡಿಮೆ ಮಾಡುವ ಲೋಡಿಂಗ್ ಕಾಯಿಲ್ ಮಾಡಿದರು. ಕೆಪ್ಯಾಸಿಟನ್ಸ್ ಅಳೆಯೋ ಹೊಸ ಬ್ರಿಡ್ಜ್ ಮಾಡಿದರು. ಈ ಐದು ವರ್ಷವನ್ನು ನಾವು ಬೇಗ ದಾಟುತ್ತೇವೆ. ಆದರೆ ಒಂದು ಮಾತು ಗಮನಿಸಿ: ಲೈನಿನ ಎರಡು ತಂತಿಗಳ ನಡುವಿನ ಸಮತೋಲನ ಅನ್ನೋದು ಇವರ ತಲೆಯಲ್ಲಿ ಕೂತದ್ದು ಇಲ್ಲೇ. ಮುಂದಿನ ಎಲ್ಲ ಕೆಲಸದಲ್ಲೂ ಅದು ತಿರುತಿರುಗಿ ಬರುತ್ತೆ.

1929ರಲ್ಲಿ ಕೊಲಂಬಿಯಾ ಗ್ರಾಫೋಫೋನ್ ಕಂಪನಿಗೆ ಬಂದರು. ಅಲ್ಲಿ ಇವರ ಮೇಲಿದ್ದವರು ಐಸಾಕ್ ಶೋನ್‌ಬರ್ಗ್, ರಷ್ಯಾದಿಂದ ಬಂದ ಎಂಜಿನಿಯರ್. ಕೊಟ್ಟ ಮೊದಲ ಕೆಲಸ ಸ್ವಲ್ಪ ವ್ಯಾಪಾರದ ವಾಸನೆಯದು. ಆಗ ಗ್ರಾಮಫೋನ್ ಪ್ಲೇಟಿನ ಮೇಲೆ ಗೆರೆ ಕೊರೆಯೋ ಯಂತ್ರದ ಪೇಟೆಂಟ್ ಅಮೆರಿಕದ ಬೆಲ್ ಕಂಪನಿಯ ಕೈಯಲ್ಲಿತ್ತು, ಅವರಿಗೆ ರಾಯಲ್ಟಿ ಕಟ್ಟಬೇಕಿತ್ತು. ಆ ಪೇಟೆಂಟ್ ಮುಟ್ಟದ ಹಾಗೆ ಬೇರೆ ಯಂತ್ರ ಮಾಡಿಕೊಡಿ ಅನ್ನೋದು ಶೋನ್‌ಬರ್ಗ್ ಕೇಳಿದ್ದು. ಬೆಲ್‌ನವರ ಯಂತ್ರದಲ್ಲಿ ಕೊರೆಯುವ ಸೂಜಿಯ ಅಲುಗಾಟವನ್ನು ಹಿಡಿತದಲ್ಲಿಡಲು ಉದ್ದನೆಯ ರಬ್ಬರ್ ಕಂಬಿ ಇರ್ತಿತ್ತು. ರಬ್ಬರ್ ಅಂದ್ರೆ ಗೊತ್ತಲ್ಲ, ಬಿಸಿಲಿಗೊಂದು ಥರ, ಚಳಿಗೊಂದು ಥರ, ಹಳೆಯದಾದರೆ ಇನ್ನೊಂದು ಥರ. ಬ್ಲುಮ್ಲೈನ್ ಆ ರಬ್ಬರನ್ನೇ ಕಿತ್ತುಹಾಕಿದರು. ಬಲವಾದ ಅಯಸ್ಕಾಂತದ ನಡುವೆ ಒಂದೇ ಸುತ್ತಿನ ಕಾಯಿಲ್ ಇಟ್ಟು, ಅಲುಗಾಟವನ್ನು ವಿದ್ಯುತ್ತಿನಿಂದಲೇ ತಡೆಯುವ ಹಾಗೆ ಮಾಡಿದರು. ಪೇಟೆಂಟಿನ ಗೋಡೆ ಹಾರಿದ್ದು ಒಂದು ಲಾಭ. ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಇದರ ಹಿಂದಿನ ಹಟ. ಯಂತ್ರದ ಗುಣವನ್ನು ಕಾಗದದ ಮೇಲೆ ಲೆಕ್ಕ ಹಾಕೋಕೆ ಬರಬೇಕು, ಮಾಡಿದ ಮೇಲೆ ಅದು ಲೆಕ್ಕದ ಹಾಗೇ ನಡೀಬೇಕು. ಸಾಮಗ್ರಿಯ ಮರ್ಜಿಗೆ ಬಿಟ್ಟುಕೊಡೋ ಹಾಗಿಲ್ಲ.

1931ರಲ್ಲಿ ಕೊಲಂಬಿಯಾ ಮತ್ತು ಗ್ರಾಮಫೋನ್ ಕಂಪನಿ ಒಂದಾಗಿ ಇಎಂಐ ಆಯ್ತು. ಲಂಡನ್ನಿನ ಪಶ್ಚಿಮಕ್ಕೆ ಹೇಯ್ಸ್ ಅನ್ನೋ ಊರಲ್ಲಿ ಪ್ರಯೋಗಾಲಯ. ಅದೇ ವರ್ಷದ ಆರಂಭದಲ್ಲಿ ಬ್ಲುಮ್ಲೈನ್ ತಾವು ಮುಂದೆ ಮದುವೆಯಾಗಲಿದ್ದ ಡೊರೀನ್ ಜೊತೆ ಸಿನಿಮಾಗೆ ಹೋಗಿದ್ದರು. ಮಾತನಾಡೋ ಸಿನಿಮಾ ಆಗಿನ್ನೂ ಹೊಸದು. ಪರದೆಯ ಈ ತುದಿಯಿಂದ ನಟ ಆ ತುದಿಗೆ ಹೋದರೂ ದನಿ ಮಾತ್ರ ಒಂದೇ ಸ್ಪೀಕರಿನಿಂದ ಬರ್ತಾ ಇತ್ತು. ಇದು ಇವರಿಗೆ ಕಿರಿಕಿರಿ ಆಯ್ತು. ದನಿ ನಟನ ಹಿಂದೆಯೇ ಹೋಗೋ ಹಾಗೆ ಮಾಡೋಕೆ ದಾರಿ ಇದೆ ಅಂತ ಅವತ್ತೇ ಡೊರೀನ್‌ಗೆ ಹೇಳಿದರಂತೆ. 1931ರ ಡಿಸೆಂಬರ್ 14ಕ್ಕೆ ಪೇಟೆಂಟ್ ಅರ್ಜಿ ಹೋಯ್ತು. ಬ್ರಿಟಿಷ್ ಪೇಟೆಂಟ್ ಸಂಖ್ಯೆ 394325, ಒಳಗೆ 70 ಕ್ಲೇಮುಗಳು. ನಾವು ಇವತ್ತು ಸ್ಟೀರಿಯೋ ಅಂತ ಕರೆಯೋದು ಬಹುಪಾಲು ಅದರೊಳಗೇ ಇದೆ. ಬ್ಲುಮ್ಲೈನ್ ಅದನ್ನು ಕರೆದದ್ದು ಬೈನಾರಲ್ ಅಂತ, ಎರಡು ಕಿವಿಯದ್ದು ಅನ್ನೋ ಅರ್ಥದಲ್ಲಿ.

ಎರಡು ಮೈಕು, ಎರಡು ಸ್ಪೀಕರು ಇಟ್ಟರೆ ಆಯ್ತಲ್ಲ, ಇದರಲ್ಲೇನು ಮಹಾ ಅಂತ ಅನ್ನಿಸಬಹುದು. ಆದರೆ ತೊಡಕು ಇರೋದು ಕಿವಿಯಲ್ಲಿ. ಕೆಳಗಿನ ಆವರ್ತನದ ಶಬ್ದ ಎಲ್ಲಿಂದ ಬಂತು ಅಂತ ನಾವು ತಿಳಿಯೋದು ಎರಡೂ ಕಿವಿಗೆ ಅದು ತಲುಪುವ ಹೊತ್ತಿನ ವ್ಯತ್ಯಾಸದಿಂದ. ಮೇಲಿನ ಆವರ್ತನದಲ್ಲಿ ಜೋರಿನ ವ್ಯತ್ಯಾಸ ಮುಖ್ಯ. ಹೆಡ್‌ಫೋನ್ ಆದರೆ ಒಂದೊಂದು ಕಿವಿಗೆ ಒಂದೊಂದು ದನಿ. ಸ್ಪೀಕರ್ ಆದರೆ ಎರಡು ಸ್ಪೀಕರಿನ ದನಿಯೂ ಎರಡು ಕಿವಿಗೂ ಬೀಳುತ್ತೆ. ಹಾಗಾಗಿ ಹೊತ್ತಿನ ವ್ಯತ್ಯಾಸವನ್ನು ಹಾಗೇ ಸ್ಪೀಕರಿಗೆ ಕಳಿಸಿದರೆ ಅದು ಕಲಸಿಹೋಗುತ್ತೆ. ಬ್ಲುಮ್ಲೈನ್ ಕಂಡುಕೊಂಡದ್ದು ಏನಂದ್ರೆ, ಎರಡು ಸ್ಪೀಕರುಗಳ ನಡುವೆ ಜೋರಿನ ವ್ಯತ್ಯಾಸ ಮಾತ್ರ ಇಟ್ಟರೂ ಸಾಕು, ಎದುರು ಕೂತವರ ತಲೆಯ ಬಳಿ ಅದು ತಾನಾಗಿಯೇ ಹೊತ್ತಿನ ವ್ಯತ್ಯಾಸ ಆಗಿ ಬದಲಾಗುತ್ತೆ. ಹತ್ತಿರ ಹತ್ತಿರ ಇಟ್ಟ ಎರಡು ಮೈಕಿನ ಹೊತ್ತಿನ ವ್ಯತ್ಯಾಸವನ್ನು ಜೋರಿನ ವ್ಯತ್ಯಾಸವಾಗಿ ತಿರುಗಿಸೋಕೆ ಒಂದು ಸರ್ಕ್ಯೂಟ್ ಮಾಡಿದರು. ಎಂಟರ ಆಕಾರದಲ್ಲಿ ಶಬ್ದ ಹಿಡಿಯುವ ಎರಡು ಮೈಕುಗಳನ್ನು ಒಂದೇ ಜಾಗದಲ್ಲಿ 90 ಡಿಗ್ರಿ ತಿರುಗಿಸಿ ಇಡುವ ಸರಳ ಉಪಾಯವನ್ನೂ ಹೇಳಿದರು. ಪ್ಲೇಟಿನ ಮೇಲೆ ಒಂದೇ ಗೆರೆಯ ಎರಡು ಗೋಡೆಗಳಲ್ಲಿ ಎರಡು ದನಿಯನ್ನು 45 ಡಿಗ್ರಿ ಓರೆಯಲ್ಲಿ ಕೊರೆಯುವ ವಿಧಾನವೂ ಅದರಲ್ಲೇ ಇತ್ತು. ಇಂದಿನ ವಿನೈಲ್ ರೆಕಾರ್ಡು ಇದೇ ರೀತಿ ನಡೆಯೋದು.

1934ರ ಜನವರಿಯಲ್ಲಿ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಥಾಮಸ್ ಬೀಚಮ್ ಅವರ ವಾದ್ಯವೃಂದ ಮೊಜಾರ್ಟನ ಜುಪಿಟರ್ ಸಿಂಫನಿ ನುಡಿಸುತ್ತಿದ್ದಾಗ ಬ್ಲುಮ್ಲೈನ್ ತಂಡ ಅದನ್ನು ಸ್ಟೀರಿಯೋದಲ್ಲಿ ಹಿಡಿದಿಟ್ಟಿತು. 1935ರಲ್ಲಿ ಹೇಯ್ಸ್ ಸ್ಟೇಷನ್ನಿನಲ್ಲಿ ರೈಲು ಹೋಗೋದನ್ನು ಸ್ಟೀರಿಯೋ ದನಿಯ ಜೊತೆ ಫಿಲಂ ಮಾಡಿದರು. ಇಷ್ಟು ಆದ ಮೇಲೆ ಕೆಲಸ ಕಪಾಟು ಸೇರಿತು. ಆರ್ಥಿಕ ಕುಸಿತದ ಕಾಲ, ರೆಕಾರ್ಡು ಮಾರಾಟವೇ ಕಷ್ಟ ಇರುವಾಗ ಎರಡೆರಡು ಸ್ಪೀಕರು ಯಾರು ಕೊಳ್ತಾರೆ? ಜೊತೆಗೆ ಕಂಪನಿಯ ಕಣ್ಣು ಟೆಲಿವಿಷನ್ ಮೇಲೆ ಬಿದ್ದಿತ್ತು. ಸ್ಟೀರಿಯೋ ರೆಕಾರ್ಡು ಅಂಗಡಿಗೆ ಬಂದದ್ದು 1957-58ರಲ್ಲಿ. ಅಷ್ಟು ಹೊತ್ತಿಗೆ ಪೇಟೆಂಟಿನ ಅವಧಿ ಮುಗಿದಿತ್ತು, ಬ್ಲುಮ್ಲೈನ್ ಸಹ ಇರಲಿಲ್ಲ.

ಟೆಲಿವಿಷನ್ ಕಥೆಯೇ ಬೇರೆ ಲೇಖನ ಆಗುತ್ತೆ. ಬೇರ್ಡ್ ಅವರ ತಿರುಗುವ ಯಂತ್ರಗಳ 240 ಗೆರೆಯ ಪದ್ಧತಿ ಒಂದು ಕಡೆ, ಶೋನ್‌ಬರ್ಗ್ ತಂಡದ ಪೂರ್ತಿ ಎಲೆಕ್ಟ್ರಾನಿಕ್ 405 ಗೆರೆಯ ಪದ್ಧತಿ ಇನ್ನೊಂದು ಕಡೆ. 1936ರ ನವೆಂಬರ್ 2ರಂದು ಅಲೆಕ್ಸಾಂಡ್ರಾ ಅರಮನೆಯಿಂದ ಬಿಬಿಸಿ ಎರಡನ್ನೂ ಸರದಿಯಲ್ಲಿ ಶುರುಮಾಡಿತು. 1937ರ ಫೆಬ್ರವರಿಗೆಲ್ಲ 405 ಗೆರೆ ಗೆದ್ದಿತ್ತು. ನಾವು ಬಂದ ವಿಷಯಕ್ಕೆ ಬೇಕಾದದ್ದು ಈ ಗದ್ದಲದ ನಡುವೆ ಹುಟ್ಟಿದ ಮೂರು ಸರ್ಕ್ಯೂಟ್. ಅಲ್ಲಿ ಸ್ವಲ್ಪ ನಿಲ್ಲೋಣ.

ಆಗಿನ ವಾಲ್ವಿನ ಹಣೆಬರಹ ಗೊತ್ತಿರಬೇಕು. ಒಂದೇ ಕಾರ್ಖಾನೆ, ಒಂದೇ ನಂಬರು, ಒಂದೇ ದಿನ ತಯಾರಾದ ಎರಡು ವಾಲ್ವಿನ ಗುಣ ಒಂದೇ ಇರಲ್ಲ. ಗ್ರಿಡ್ಡಿನ ತಂತಿ ಒಂದು ಕೂದಲೆಳೆ ಆಚೀಚೆ ಆದರೂ ಗೇನ್ ಬದಲಾಗುತ್ತೆ. ಕ್ಯಾಥೋಡಿನ ಲೇಪ ಸವೆದ ಹಾಗೆ ಕರೆಂಟ್ ಇಳಿಯುತ್ತೆ. ಟೆಲಿವಿಷನ್ನಿನಂಥ ಯಂತ್ರದಲ್ಲಿ ವಾಲ್ವುಗಳು ಬಹಳ. ಒಂದು ಸುಟ್ಟುಹೋದಾಗ ಇನ್ನೊಂದನ್ನು ಚುಚ್ಚಿ ಮತ್ತೆ ಎಲ್ಲವನ್ನೂ ತಿರುಗಿಸಿ ಸರಿಮಾಡ್ತಾ ಕೂತರೆ ಪ್ರಸಾರ ನಡೆಯೋದು ಯಾವಾಗ? ಬ್ಲುಮ್ಲೈನ್ ನಿಲುವು ಸ್ಪಷ್ಟ ಇತ್ತು: ಸರ್ಕ್ಯೂಟಿನ ನಡತೆಯನ್ನು ರೆಸಿಸ್ಟರು, ಕೆಪ್ಯಾಸಿಟರುಗಳು ನಿರ್ಧರಿಸಬೇಕು, ವಾಲ್ವ್ ಅಲ್ಲ. ಯಾವ ವಾಲ್ವ್ ಚುಚ್ಚಿದರೂ ಹೆಚ್ಚುಕಡಿಮೆ ಅದೇ ಫಲ ಬರಬೇಕು. ಇವತ್ತು ಅಪರೂಪದ ವಾಲ್ವಿಗಾಗಿ ಸಾವಿರಗಟ್ಟಲೆ ಕೊಡೋರಿಗೆ ಈ ಮಾತು ಅಷ್ಟು ರುಚಿಸಲಿಕ್ಕಿಲ್ಲ.

ಮೊದಲನೆಯದು ಕ್ಯಾಥೋಡ್ ಫಾಲೋವರ್. ಟ್ರಾನ್ಸಿಸ್ಟರಿನ ಎಮಿಟರ್ ಫಾಲೋವರ್ ಇದೆಯಲ್ಲ, ಅದರ ಅಣ್ಣ. 1934ರ ಹೊತ್ತಿಗೆ ಬ್ಲುಮ್ಲೈನ್ ಇದರ ಪೇಟೆಂಟ್‌ಗೆ ಹಾಕಿದ್ದರು. ಔಟ್‌ಪುಟ್ಟನ್ನು ಆನೋಡಿನ ಬದಲು ಕ್ಯಾಥೋಡಿನಿಂದ ತೆಗೆಯೋದು. ದೊಡ್ಡ ಲೋಡ್ ಇದ್ದರೆ ಗೇನ್ ಅಂದಾಜು ಮ್ಯೂ ಭಾಗಿಸು ಮ್ಯೂ ಪ್ಲಸ್ 1. ಲೆಕ್ಕ ಹಾಕಿ ನೋಡಿ. ಮ್ಯೂ 100 ಇರೋ ವಾಲ್ವಿಗೆ 0.990. ಅದು ಹೋಗಿ ಮ್ಯೂ 80 ಇರೋ ಸೋತ ವಾಲ್ವ್ ಬಂತು ಅಂತಿಟ್ಟುಕೊಳ್ಳಿ, ಆಗ 0.988. ವಾಲ್ವಿನಲ್ಲಿ 20 ಪರ್ಸೆಂಟ್ ವ್ಯತ್ಯಾಸ, ಗೇನಿನಲ್ಲಿ ಕಾಲು ಪರ್ಸೆಂಟೂ ಇಲ್ಲ!

ಎರಡನೆಯದು ನಮ್ಮ ಪರಿಚಯದ ಡಿಫರೆನ್ಷಿಯಲ್ ಜೋಡಿ. ಇಂಗ್ಲಿಷರು ಇದನ್ನು ಲಾಂಗ್ ಟೇಲ್ಡ್ ಪೇರ್ ಅಂತಾರೆ, ಉದ್ದ ಬಾಲದ ಜೋಡಿ. 1936ರ ಪೇಟೆಂಟ್. ಎರಡು ವಾಲ್ವಿನ ಕ್ಯಾಥೋಡುಗಳನ್ನು ಒಟ್ಟು ಸೇರಿಸಿ ಒಂದೇ ದೊಡ್ಡ ರೆಸಿಸ್ಟರ್ ಮೂಲಕ ಕೆಳಗೆ ಎಳೆಯೋದು. ಆ ರೆಸಿಸ್ಟರೇ ಬಾಲ. ಎರಡೂ ಗ್ರಿಡ್ಡಿಗೆ ಒಂದೇ ಸಿಗ್ನಲ್ ಬಂದರೆ ಬಾಲದ ಕರೆಂಟ್ ಬದಲಾಗಬೇಕು, ರೆಸಿಸ್ಟರ್ ಅದನ್ನು ಬಿಡಲ್ಲ. ಒಂದಕ್ಕೆ ಏರು, ಇನ್ನೊಂದಕ್ಕೆ ಇಳಿ ಬಂದರೆ ಒಂದರಲ್ಲಿ ಹೆಚ್ಚಿದ ಕರೆಂಟ್ ಇನ್ನೊಂದರಲ್ಲಿ ಕಮ್ಮಿ ಆಗುತ್ತೆ, ಬಾಲಕ್ಕೆ ಸುದ್ದಿಯೇ ಇಲ್ಲ. ಹೀಗೆ ಗದ್ದಲ ಅಲ್ಲೇ ಸಾಯುತ್ತೆ, ಸಿಗ್ನಲ್ ಮುಂದೆ ಹೋಗುತ್ತೆ. 1937ರ ಮೇ 12ರಂದು ಆರನೇ ಜಾರ್ಜ್ ದೊರೆಯ ಪಟ್ಟಾಭಿಷೇಕದ ಮೆರವಣಿಗೆಯನ್ನು ಲಂಡನ್ನಿನ ಬೀದಿಯಿಂದ ಕೇಬಲ್ ಮೇಲೆ ತಂದು ಪ್ರಸಾರ ಮಾಡಿದಾಗ ಕೇಬಲ್ ಹೊತ್ತು ತಂದ ಗದ್ದಲವನ್ನು ಸೋಸಲು ಈ ಜೋಡಿ ಬಳಕೆಯಾಯ್ತು. ಆಪ್-ಆಂಪ್ ಒಳಗೆ ಇವತ್ತಿಗೂ ಮೊದಲ ಮೆಟ್ಟಿಲು ಇದೇ. ವಾಲ್ವ್ ಹೈ-ಫೈ ಆಂಪ್ಲಿಫೈಯರಿನಲ್ಲಿ ಒಂದು ಸಿಗ್ನಲನ್ನು ಎರಡು ವಿರುದ್ಧ ಸಿಗ್ನಲ್ ಮಾಡಿ ಪುಶ್-ಪುಲ್ ಜೋಡಿಗೆ ಕೊಡೋದೂ ಬಹಳ ಕಡೆ ಇದೇ.

ಮೂರನೆಯದು 1937ರ ಇನ್ನೊಂದು ಪೇಟೆಂಟ್. ಪೆಂಟೋಡ್‌ನಂಥ ವಾಲ್ವಿನಲ್ಲಿ ಸ್ಕ್ರೀನ್ ಗ್ರಿಡ್ ಅಂತ ಒಂದಿರುತ್ತೆ. ಅದನ್ನು ನೇರ ಸಪ್ಲೈಗೆ ಕಟ್ಟಿದರೆ ಪವರ್ ಜಾಸ್ತಿ, ವಿರೂಪವೂ ಜಾಸ್ತಿ. ಆನೋಡಿಗೇ ಕಟ್ಟಿದರೆ ಟ್ರಯೋಡಿನ ಹಾಗೆ ಸೌಮ್ಯ, ಆದರೆ ಪವರ್ ಕಮ್ಮಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸುತ್ತಿನ ನಡುವೆ ಎಲ್ಲೋ ಒಂದು ಕಡೆ ಟ್ಯಾಪ್ ತೆಗೆದು ಸ್ಕ್ರೀನನ್ನು ಅಲ್ಲಿಗೆ ಕಟ್ಟಿದರೆ ಎರಡರ ಒಳ್ಳೇದೂ ಸ್ವಲ್ಪ ಸ್ವಲ್ಪ ಸಿಗುತ್ತೆ ಅಂತ ಬ್ಲುಮ್ಲೈನ್ ತೋರಿಸಿದರು. 1951ರಲ್ಲಿ ಅಮೆರಿಕದ ಹಾಫ್ಲರ್ ಮತ್ತು ಕೆರೋಸ್ ಇದನ್ನು ಅಲ್ಟ್ರಾ-ಲೀನಿಯರ್ ಅನ್ನೋ ಹೆಸರಲ್ಲಿ ಜನಪ್ರಿಯ ಮಾಡಿದರು. 1950ರ ದಶಕದ ಎಷ್ಟೋ ಒಳ್ಳೇ ಆಂಪ್ಲಿಫೈಯರುಗಳು, ಮುಲ್ಲಾರ್ಡಿನ 5-20 ಸೇರಿ, ಇದೇ ಜಾಡಿನವು.

ಈಗ ಮೊದಲಿನ ವಾದಕ್ಕೆ ಬರೋಣ. ಬ್ಲುಮ್ಲೈನ್ ಸರ್ಕ್ಯೂಟುಗಳನ್ನು ಅರ್ಥ ಮಾಡಿಕೊಂಡರೆ ವಾಲ್ವ್ ಬದಲಿಸೋದು ಅರ್ಧ ಸುಲಭ. ಎಲ್ಲಿ ವಾಲ್ವಿನ ಗುಣ ಮುಖ್ಯ, ಎಲ್ಲಿ ಅಲ್ಲ ಅಂತ ಸರ್ಕ್ಯೂಟೇ ಹೇಳುತ್ತೆ. ಕ್ಯಾಥೋಡ್ ಫಾಲೋವರ್ ಇರೋ ಜಾಗಕ್ಕೆ ದುಬಾರಿ ವಾಲ್ವ್ ಯಾಕೆ, ಸರಿಯಾದ ನಂಬರಿನ ಆರೋಗ್ಯವಂತ ವಾಲ್ವ್ ಸಾಕು. ಉದ್ದ ಬಾಲದ ಜೋಡಿಗೆ ಇಸಿಸಿ83, ಅಂದ್ರೆ 12ಎಎಕ್ಸ್7, ಕೊಳ್ಳುವಾಗ ಅದರ ಎರಡು ಅರ್ಧವೂ ಸಮ ಇದೆಯಾ ಅಂತ ಕೇಳಿ. ಬಾಲ ಉದ್ದ ಇದ್ದಷ್ಟೂ ವ್ಯತ್ಯಾಸವನ್ನು ಅದೇ ನುಂಗಿಕೊಳ್ಳುತ್ತೆ, ಆದರೆ ಪೂರ್ತಿ ಅಲ್ಲ. ದುಡ್ಡು ಹಾಕಲೇಬೇಕು ಅಂತಿದ್ದರೆ ಮೊದಲ ಮೆಟ್ಟಿಲಿನ ವಾಲ್ವಿಗೆ ಹಾಕಿ. ಅಲ್ಲಿನ ಸದ್ದು ಮುಂದಿನ ಎಲ್ಲ ಮೆಟ್ಟಿಲಲ್ಲೂ ದೊಡ್ಡದಾಗುತ್ತೆ, ಫೀಡ್‌ಬ್ಯಾಕ್ ಹಾಕಿದರೂ ಆ ಸದ್ದಿಗೂ ಸಿಗ್ನಲಿಗೂ ಇರೋ ಅನುಪಾತ ಸುಧಾರಿಸಲ್ಲ. ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿದಾಗ ಸ್ಪೀಕರಿನಲ್ಲಿ ಗಂಟೆ ಹೊಡೆದ ಹಾಗೆ ಕೇಳಿಸೋ ವಾಲ್ವ್ ಆ ಜಾಗಕ್ಕೆ ಬೇಡ.

ಸಾಕೆಟ್ಟಿಗೆ ಕೂತಿತು ಅಂದ ಮಾತ್ರಕ್ಕೆ ಸರಿಹೋಯ್ತು ಅಂದುಕೊಳ್ಳಬಾರದು. 12ಎಎಕ್ಸ್7 ಮತ್ತು 12ಎಯು7 ಎರಡಕ್ಕೂ ಪಿನ್ ಒಂದೇ ಥರ, ಆದರೆ ಒಂದರ ಮ್ಯೂ 100, ಇನ್ನೊಂದರದು 20ರ ಆಸುಪಾಸು. ಇಸಿಸಿ88 ಸಹ ಅದೇ ಒಂಬತ್ತು ಪಿನ್ನಿನ ಸಾಕೆಟ್ಟಿಗೆ ಕೂರುತ್ತೆ, ಅದರ ಹೀಟರ್ ವೈರಿಂಗೇ ಬೇರೆ. ಇಸಿಸಿ83ರ ಜಾಗಕ್ಕೆ ಅದನ್ನು ಹಾಕಿದರೆ, ವೈರಿಂಗ್ ಹೇಗಿದೆ ಅನ್ನೋದರ ಮೇಲೆ, ಒಂದೋ ಹೊತ್ತಿಕೊಳ್ಳಲ್ಲ, ಇಲ್ಲಾ 6.3 ವೋಲ್ಟಿನ ಹೀಟರಿಗೆ 12.6 ವೋಲ್ಟ್ ಬಿದ್ದು ಸುಟ್ಟುಹೋಗುತ್ತೆ. ದೊಡ್ಡ ವಾಲ್ವುಗಳಲ್ಲೂ ಇದೇ ಕಥೆ. 6ವಿ6 ಮತ್ತು ಕೆಟಿ88 ಎರಡೂ ಎಂಟು ಪಿನ್ನಿನ ಒಂದೇ ಸಾಕೆಟ್ಟಿಗೆ ಹೋಗುತ್ತವೆ. 6ವಿ6ರ ಹೀಟರಿಗೆ 0.45 ಆಂಪಿಯರ್ ಸಾಕು, ಕೆಟಿ88 ಕೇಳೋದು 1.6. ಟ್ರಾನ್ಸ್‌ಫಾರ್ಮರ್ ಅಷ್ಟು ಕೊಡೋಕೆ ತಯಾರಿದೆಯಾ? ತಿರುಗಾಮುರುಗಾ ಮಾಡಿದರೆ ಇನ್ನೂ ಅಪಾಯ. ಅಲ್ಟ್ರಾ-ಲೀನಿಯರಿನಲ್ಲಿ ಸ್ಕ್ರೀನಿಗೆ ಹೆಚ್ಚುಕಡಿಮೆ ಪೂರ್ತಿ ಸಪ್ಲೈ ವೋಲ್ಟೇಜ್ ಬೀಳುತ್ತೆ. ಕೆಟಿ88ರ ಸ್ಕ್ರೀನ್ 600 ವೋಲ್ಟ್ ತಡೆಯುತ್ತೆ, 6ವಿ6ಜಿಟಿಯ ಮಿತಿ 285. ಹಾಗಾಗಿ ಎಸ್.ಪಿ. ರೋಡಿಗೆ ಹೋಗೋ ಮುಂಚೆ ಡೇಟಾಶೀಟಿನಲ್ಲಿ ನೋಡಬೇಕಾದದ್ದು ಬ್ರ್ಯಾಂಡಿನ ಹೆಸರಲ್ಲ, ಹೀಟರ್ ಕರೆಂಟು, ಪಿನ್ನಿನ ನಕ್ಷೆ, ಸ್ಕ್ರೀನಿನ ಮಿತಿ.

ಪುಶ್-ಪುಲ್ ಔಟ್‌ಪುಟ್ ಜೋಡಿಯನ್ನು ಮಾತ್ರ ಮ್ಯಾಚ್ ಮಾಡಿದ್ದೇ ಕೊಳ್ಳಿ, ಇಲ್ಲಿ ನಮಗೆ ಅನುಮಾನ ಇಲ್ಲ. ಟ್ರಾನ್ಸ್‌ಫಾರ್ಮರಿನ ಎರಡು ಭಾಗದ ಡಿಸಿ ಕರೆಂಟ್ ಸಮ ಇದ್ದರೆ ಕಬ್ಬಿಣದ ಕೋರಿನಲ್ಲಿ ಅವು ಒಂದನ್ನೊಂದು ಹೊಡೆದುಹಾಕುತ್ತವೆ. ಸಮ ಇಲ್ಲದಿದ್ದರೆ ಕೋರ್ ಒಂದು ಕಡೆಗೆ ವಾಲಿ ಕೆಳಗಿನ ಸ್ವರಗಳು ಕೆಡುತ್ತವೆ. ಕ್ಯಾಥೋಡ್ ರೆಸಿಸ್ಟರಿನಿಂದ ಬಯಾಸ್ ಪಡೆಯೋ ಆಂಪ್ಲಿಫೈಯರ್ ಆದರೆ ಕರೆಂಟ್ ಜಾಸ್ತಿ ಆದಾಗ ಬಯಾಸೂ ಜಾಸ್ತಿ ಆಗಿ ತಾನೇ ತಾನಾಗಿ ಹಿಡಿತಕ್ಕೆ ಬರುತ್ತೆ. ಫಿಕ್ಸೆಡ್ ಬಯಾಸ್ ಆದರೆ ಪ್ರತಿ ಸಲ ವಾಲ್ವ್ ಬದಲಿಸಿದಾಗಲೂ ಅಳೆದು ಹೊಂದಿಸಲೇಬೇಕು. ಅಂದ ಹಾಗೆ ಒಳಗೆ 400 ವೋಲ್ಟ್ ಇರುತ್ತೆ, ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರಿನಲ್ಲಿ ಉಳಿದಿರುತ್ತೆ. ಲ್ಯಾಬಿನ 12 ವೋಲ್ಟಿನ ಧೈರ್ಯವನ್ನು ಅಲ್ಲಿ ತೋರಿಸಬೇಡಿ.

ಬ್ಲುಮ್ಲೈನ್ ಮನೆಯ ಬದುಕು ನೆಮ್ಮದಿಯದೇ. 1933ರಲ್ಲಿ ಡೊರೀನ್ ಜೊತೆ ಮದುವೆ ಆಯ್ತು, ಇಬ್ಬರು ಗಂಡುಮಕ್ಕಳು. ಸಂಗೀತ ಅಂದ್ರೆ ಪ್ರಾಣ, ವಿಮಾನ ಅಂದ್ರೆ ಇನ್ನೂ ಹೆಚ್ಚು. ಪೈಲಟ್ ಲೈಸೆನ್ಸ್ ಪಡೆದು ಸಣ್ಣ ವಿಮಾನ ಹಾರಿಸ್ತಿದ್ದರು.

1939ರಲ್ಲಿ ಯುದ್ಧ ಬಂತು. ಟೆಲಿವಿಷನ್ ನಿಂತಿತು, ಪಲ್ಸ್ ಮತ್ತು ಸ್ಕ್ಯಾನಿಂಗ್ ಬಲ್ಲ ಇಡೀ ತಂಡ ರೇಡಾರ್ ಕಡೆ ತಿರುಗಿತು. ರಾತ್ರಿ ಹಾರೋ ವಿಮಾನಗಳು ಶತ್ರು ವಿಮಾನವನ್ನು ಹುಡುಕುವ ರೇಡಾರನ್ನು ಸುಧಾರಿಸಿದರು. ಚಿಕ್ಕದಾದ, ಬಲವಾದ ಪಲ್ಸ್ ಹೊಡೆಯೋಕೆ ಟ್ರಾನ್ಸ್‌ಮಿಷನ್ ಲೈನುಗಳನ್ನೇ ಜೋಡಿಸಿ ಒಂದು ವಿಧಾನ ಕಂಡುಹಿಡಿದರು. ಆಮೇಲೆ ಬಂದದ್ದು ಎಚ್2ಎಸ್. ಮೋಡ, ಕತ್ತಲೆ ಏನೇ ಇದ್ದರೂ ವಿಮಾನದಿಂದ ಕೆಳಗಿನ ನೆಲದ ಚಿತ್ರ ತೋರಿಸೋ ರೇಡಾರ್ ಅದು.

ಇಲ್ಲಿಯೂ ಪ್ರಶ್ನೆ ಯಾವ ವಾಲ್ವ್ ಅನ್ನೋದೇ. ಬರ್ಮಿಂಗ್‌ಹ್ಯಾಮಿನಲ್ಲಿ ರ್‍ಯಾಂಡಲ್ ಮತ್ತು ಬೂಟ್ 1940ರ ಫೆಬ್ರವರಿಯಲ್ಲಿ ಕ್ಯಾವಿಟಿ ಮ್ಯಾಗ್ನೆಟ್ರಾನ್ ಮಾಡಿ ತೋರಿಸಿದ್ದರು. 10 ಸೆಂಟಿಮೀಟರ್ ಅಲೆಯಲ್ಲಿ ಅಷ್ಟು ಪವರ್ ಕೊಡೋದು ಬೇರೆ ಯಾವುದೂ ಇರಲಿಲ್ಲ. ಆದರೆ ಅದು ಗಟ್ಟಿ ತಾಮ್ರದ ಮುದ್ದೆ. ವಿಮಾನ ಶತ್ರುವಿನ ನೆಲದಲ್ಲಿ ಬಿದ್ದರೆ ಸಿಡಿಮದ್ದು ಇಟ್ಟರೂ ಗುರುತು ಸಿಗದ ಹಾಗೆ ಪುಡಿಯಾಗಲ್ಲ. ಕ್ಲೈಸ್ಟ್ರಾನ್ ಆದರೆ ಗಾಜಿನದು, ಒಡೆದುಹೋಗುತ್ತೆ, ಗುಟ್ಟು ಉಳಿಯುತ್ತೆ, ಆದರೆ ಪವರ್ ಸಾಲದು. ಎರಡನ್ನೂ ಪರೀಕ್ಷೆ ಮಾಡೋಕೆ ಎರಡು ಹ್ಯಾಲಿಫ್ಯಾಕ್ಸ್ ವಿಮಾನ ಸಿದ್ಧ ಆಯ್ತು. ಮ್ಯಾಗ್ನೆಟ್ರಾನ್ ಇದ್ದದ್ದು ವಿ9977 ಅನ್ನೋದರಲ್ಲಿ.

1942ರ ಜೂನ್ 7, ಭಾನುವಾರ. ಡೆಫರ್ಡ್ ವಿಮಾನ ನಿಲ್ದಾಣದಿಂದ ವಿ9977 ಪರೀಕ್ಷೆಗೆ ಹೊರಟಿತು. ಒಳಗೆ 11 ಜನ. ಅವರಲ್ಲಿ ಬ್ಲುಮ್ಲೈನ್, ಇಎಂಐನ ಸಹೋದ್ಯೋಗಿಗಳಾದ ಸೆಸಿಲ್ ಬ್ರೌನ್ ಮತ್ತು ಫ್ರ್ಯಾಂಕ್ ಬ್ಲೈಥನ್ ಇದ್ದರು. ಹಾರಾಟದಲ್ಲಿರುವಾಗ ಬಲಗಡೆಯ ಹೊರ ಎಂಜಿನ್ನಿಗೆ ಬೆಂಕಿ ಹತ್ತಿತು. ರೆಕ್ಕೆ ಸುಟ್ಟು, ಹೆರೆಫರ್ಡ್‌ಶೈರಿನ ವೆಲ್ಶ್ ಬಿಕ್ನರ್ ಅನ್ನೋ ಹಳ್ಳಿಯ ಹತ್ತಿರ ವಿಮಾನ ಬಿತ್ತು. ಯಾರೂ ಉಳಿಯಲಿಲ್ಲ. ತನಿಖೆಯಲ್ಲಿ ಗೊತ್ತಾದದ್ದು ಇಷ್ಟು: ಎಂಜಿನ್ನಿನ ಒಂದು ಟ್ಯಾಪೆಟ್ ನಟ್ಟನ್ನು ತಪಾಸಣೆಯ ಸಮಯದಲ್ಲಿ ಸರಿಯಾಗಿ ಬಿಗಿ ಮಾಡಿರಲಿಲ್ಲ. ಅದು ಸಡಿಲಾಗಿ, ಇಂಧನ ಒಳಬರುವ ವಾಲ್ವಿನ ಕಾಂಡ ಮುರಿದು, ಬೆಂಕಿ ಹೊತ್ತಿಕೊಂಡಿತ್ತು. ಇಂಗ್ಲಿಷಿನಲ್ಲಿ ಆ ಎಂಜಿನ್ ಭಾಗಕ್ಕೂ ರೇಡಿಯೋದ ದೀಪಕ್ಕೂ ಒಂದೇ ಹೆಸರು, ವಾಲ್ವ್. ಇನ್ನು ಮೂರು ವಾರಕ್ಕೆ ಬ್ಲುಮ್ಲೈನ್‌ಗೆ 39 ತುಂಬ್ತಿತ್ತು.

ಅವಶೇಷದ ನಡುವಿನಿಂದ ಮ್ಯಾಗ್ನೆಟ್ರಾನನ್ನು ಹುಡುಕಿ ತಂದವರು ಬರ್ನಾರ್ಡ್ ಲೊವೆಲ್, ಮುಂದೆ ಜೋಡ್ರೆಲ್ ಬ್ಯಾಂಕ್ ರೇಡಿಯೋ ದೂರದರ್ಶಕ ಕಟ್ಟಿದವರು. ಸುದ್ದಿ ಹೊರಗೆ ಬಿಡಲಿಲ್ಲ. ಸತ್ತವರು ಯಾರು ಅಂತ ಜರ್ಮನಿಗೆ ತಿಳಿದರೆ ಏನು ಕೆಲಸ ನಡೀತಿತ್ತು ಅಂತಲೂ ತಿಳಿಯುತ್ತಲ್ಲ. ಒಬ್ಬ ಎಂಜಿನಿಯರ್ ಸತ್ತಾಗ ಪತ್ರಿಕೆಯಲ್ಲಿ ನಾಲ್ಕು ಸಾಲು ಬರೆಯೋದಕ್ಕೂ ಅವಕಾಶ ಇಲ್ಲದ ಕಾಲ. ಯುದ್ಧ ಮುಗಿದ ಮೇಲಾದರೂ ಬಂತಾ ಅಂದ್ರೆ, ಪೂರ್ತಿ ಜೀವನಚರಿತ್ರೆಗಳು ಬಂದದ್ದು 1999 ಮತ್ತು 2000ದಲ್ಲಿ. ಇದು ನಮಗೆ ಸ್ವಲ್ಪ ಸಿಟ್ಟು ಬರಿಸೋ ವಿಷಯ. ಲಂಡನ್ನಿನ ಈಲಿಂಗಿನಲ್ಲಿ ಇವರಿದ್ದ ಮನೆಗೆ 1977ರಲ್ಲಿ ನೀಲಿ ಫಲಕ ಹಾಕಿದರು. 2015ರಲ್ಲಿ ಐಟ್ರಿಪಲ್‌ಇ ಅಬ್ಬೆ ರೋಡಿನಲ್ಲಿ ಸ್ಟೀರಿಯೋದ ಹೆಸರಲ್ಲಿ ಮೈಲಿಗಲ್ಲು ಫಲಕ ಇಟ್ಟಿತು. 2017ರಲ್ಲಿ, ಸತ್ತು 75 ವರ್ಷದ ನಂತರ, ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ.

ಎಚ್2ಎಸ್ ಮ್ಯಾಗ್ನೆಟ್ರಾನ್ ಜೊತೆಗೇ ಯುದ್ಧಕ್ಕೆ ಹೋಯ್ತು, 1943ರ ಜನವರಿ ಕೊನೆಗೆ. ಹೆದರಿದ ಹಾಗೇ ಕೆಲವೇ ದಿನದಲ್ಲಿ ಒಂದು ವಿಮಾನ ರಾಟರ್‌ಡ್ಯಾಮ್ ಬಳಿ ಬಿದ್ದು ಆ ತಾಮ್ರದ ಮುದ್ದೆ ಜರ್ಮನರ ಕೈಗೆ ಸಿಕ್ಕಿತು. ಆದರೂ ಅದೇ ಕುಟುಂಬದ ರೇಡಾರು ಆ ವರ್ಷ ಅಟ್ಲಾಂಟಿಕ್ ಸಾಗರದಲ್ಲಿ ಸಬ್‌ಮರೀನುಗಳನ್ನು ಹುಡುಕಿ ಹೊಡೆಯಿತು.

ಹೆಸರಿನ ವಿಷಯದಲ್ಲಿ ಮಾತ್ರ ಇವರಿಗೆ ಅದೃಷ್ಟ ಕಮ್ಮಿ. ಬೈನಾರಲ್ ಅಂದದ್ದು ಸ್ಟೀರಿಯೋ ಆಯ್ತು. ಸ್ಕ್ರೀನ್ ಟ್ಯಾಪ್ ಅಲ್ಟ್ರಾ-ಲೀನಿಯರ್ ಆಯ್ತು. 1942ರಲ್ಲಿ ಕೊನೆಯ ಪೇಟೆಂಟುಗಳ ಜೊತೆ ಕೊಟ್ಟ ಇಂಟಿಗ್ರೇಟರ್ ಸರ್ಕ್ಯೂಟನ್ನು ನಾವು ಮಿಲ್ಲರ್ ಇಂಟಿಗ್ರೇಟರ್ ಅಂತ ಓದ್ತೀವಿ. 90 ಡಿಗ್ರಿಯ ಆ ಮೈಕಿನ ಜೋಡಿಯನ್ನು ರೆಕಾರ್ಡಿಂಗ್ ಎಂಜಿನಿಯರುಗಳು ಈಗಲೂ ಬ್ಲುಮ್ಲೈನ್ ಪೇರ್ ಅಂತಾರೆ. ಇನ್ನು ರೇಡಾರಿಗಾಗಿ ಮಾಡಿದ ಪಲ್ಸ್ ಸರ್ಕ್ಯೂಟು ನೈಟ್ರೋಜನ್ ಲೇಸರ್ ಮಾಡುವ ಲ್ಯಾಬುಗಳಲ್ಲಿ ಇವತ್ತಿಗೂ ಇದೆ. ಅಲ್ಲಿನವರು ಬ್ಲುಮ್ಲೈನ್ ಚಾರ್ಜ್ ಆಯ್ತಾ ಅಂತ ಕೇಳ್ತಾರೆ, ಅದು ಒಬ್ಬ ಮನುಷ್ಯನ ಹೆಸರು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿರಲ್ಲ.